ಖಾನಾಪುರಕ್ಕೆ ಬಾರದ ಸರ್

"ಸರ್ ಎಲ್ಲಿ?"

ಪೂರ್ಣಿಮಾ ಅಮರನ ದಾರಿಗೆ ಅಡ್ಡ ನಿಂತೇ ಕೇಳಿದಳು.

ಖಾನಾಪುರದ ಹೊಲದಲ್ಲಿ ಗುರುಪುತ್ರಪ್ಪ ಸರ್ ಅವರ ಸಮಾಧಿಗೆ ಗುಂಡಿ ತೋಡಿಯಾಗಿತ್ತು. ವಿಭೂತಿ, ಪತ್ರಿ ಹಿಡಿದು ನೂರಾರು ಶಿಷ್ಯರು ಬಿಸಿಲಲ್ಲಿ ಕಾಯುತ್ತಿದ್ದರು. ಬೆಳಗಾವಿಯಿಂದ ಬಂದ ಕಾರಿನಿಂದ ಇಳಿದವನು ಅಮರ ಒಬ್ಬನೇ.

"ಅಪ್ಪನ್ನ ನೆಹರು ನಗರದ ಮೆಡಿಕಲ್ ಕಾಲೇಜಿಗೆ ಕೊಟ್ಟು ಬಂದೆ. ದೇಹದಾನ ಮಾಡಿ ಬರದಿಟ್ಟಿದ್ರು. ಬಾಳಪ್ಪ ಕಾಕಾಗ ಬೆಳಿಗ್ಗೇನ ಹೇಳಿದ್ದೆ, ಅವರು ಕೇಳಲಿಲ್ಲ."

"ಕೊಟ್ಟು ಬಂದ್ರಿ... ಹಳೇ ಸಾಮಾನು ಕೊಟ್ಟಂಗ?" ಪೂರ್ಣಿಮಾ ಇನ್ನೂ ದಾರಿ ಬಿಡಲಿಲ್ಲ. "ನೀವು ಅವರ ಮಗಾನ ಅಲ್ಲ."

ಅಮರನ ಮುಖ ಕಪ್ಪಿಟ್ಟಿತು. ಅವಳನ್ನು ಒಂದು ಸಲ ದುರುಗುಟ್ಟಿ ನೋಡಿ, ಏನೋ ಹೇಳಲು ಹೋಗಿ, ತಿರುಗಿ ಕಾರು ಹತ್ತಿದ.

ಹದಿನೈದು ದಿನದ ಹಿಂದೆ ಇದೇ ಅಮರನನ್ನು ಕಂಡರೆ ಇವಳ ಎದೆ ಡವಗುಟ್ಟುತ್ತಿತ್ತು ಅಂದರೆ ನೀವು ನಂಬಲಿಕ್ಕಿಲ್ಲ! ಗುರುಪುತ್ರಪ್ಪ ಸರ್ ತಾವೇ ಬೆಳಗಾವಿಯ ಶಹಾಪುರದ ಅವಳ ಮನೆಗೆ ಬಂದು ಮಗನಿಗೆ ಹೆಣ್ಣು ಕೇಳಿದ್ದರು. ಅವಳೂ ತಲೆ ತಗ್ಗಿಸಿಕೊಂಡೇ ಹೂಂ ಅಂದಿದ್ದಳು.

ಸರ್ ಅಂದರೆ ಅವಳಿಗೆ ಅಷ್ಟು ಜೀವ. ಬೆಳಗಾವಿ ಕಾಲೇಜಿಗೆ ಖಾನಾಪುರದಿಂದ ಬರುವ ಮರಾಠಿ ಶಾಲೆಯ ಹುಡುಗರಿಗೆ ಅವರು ಕ್ಲಾಸು ಮುಗಿದ ಮೇಲೆ ಇಡೀ ಇತಿಹಾಸವನ್ನು ಮತ್ತೊಮ್ಮೆ ಮರಾಠಿಯಲ್ಲಿ ಹೇಳುತ್ತಿದ್ದರು. ಅವರ ಕೈಯಲ್ಲೇ ಕಲಿತ ಪೂರ್ಣಿಮಾ ಇವತ್ತು ಅದೇ ಕಾಲೇಜಿನಲ್ಲಿ ಅದೇ ಪಾಠ ಮಾಡುತ್ತಾಳೆ. ಅಂಥವರ ಸಮಾಧಿಗೆ ಒಂದು ಹಿಡಿ ಮಣ್ಣು ಹಾಕುವ ಭಾಗ್ಯವನ್ನೂ ಈ ಮಹಾಶಯ ಕಸಿದುಕೊಂಡನಲ್ಲ! ಆ ಸಂಜೆಯೇ ಅಪ್ಪನಿಗೆ ಹೇಳಿಬಿಟ್ಟಳು.

"ಈ ಸಂಬಂಧ ಬ್ಯಾಡ್ರಿ."

ತಿಂಗಳು ಕಳೆಯಿತು. ನುಡಿನಮನದ ಸಭೆ ನಿಗದಿಯಾಯಿತು. ಮಾತಾಡುವವರ ಪಟ್ಟಿ ಪೂರ್ಣಿಮಾಳ ಕೈಯಲ್ಲಿತ್ತು, ಅದರಲ್ಲಿ ಅಮರನ ಹೆಸರೇ ಇರಲಿಲ್ಲ. ಬೇಕೆಂದೇ ಬಿಟ್ಟಿದ್ದಳು.

ಸರ್ ಅವರ ತಮ್ಮ ಬಾಳಪ್ಪನಂತೂ ಕೆಂಡ ಕಾರುತ್ತಿದ್ದ. "ದೇಹದಾನದ ಅರ್ಜಿಗೆ ಮಗಾ ಒಬ್ಬನ ಸಹಿ ಸಾಲೂದಿಲ್ಲಂತ. ಇನ್ನೊಬ್ಬರು ಸಾಕ್ಷಿ ಹಾಕ್ಯಾರ. ಯಾರಂತ ಗೊತ್ತಾಗಲಿ, ನಮ್ಮ ಮನಿತನಾನ ಅವರ ಮಾರಿ ನೋಡೂದಿಲ್ಲ."

ಎಷ್ಟು ಸಲ ಕೇಳಿದರೂ ಅಮರ ಆ ಹೆಸರು ಹೇಳಲಿಲ್ಲವಂತೆ.

'ಯಾರನ್ನ ಮುಚ್ಚಿಡಾಕತ್ತಾನ?' ಪೂರ್ಣಿಮಾ ಹಲ್ಲು ಕಚ್ಚಿದಳು. ಸಭೆಯ ದಿನವೇ ಎಲ್ಲರೆದುರು ಬಯಲು ಮಾಡಬೇಕೆಂದು ಅವತ್ತು ಬೆಳಿಗ್ಗೆ ನೆಟ್ಟಗೆ ಮೆಡಿಕಲ್ ಕಾಲೇಜಿಗೆ ಹೋದಳು. ಕಚೇರಿಯಲ್ಲಿದ್ದ ಮಮ್ತಾಜ ಅವಳ ಜೊತೆಗೇ ಓದಿದವಳು.

"ಆ ಅರ್ಜಿ ತೋರಿಸ ಮಮ್ತಾಜ. ಎರಡನೇ ಸಾಕ್ಷಿ ಯಾರು?"

ಮಮ್ತಾಜ ಅವಳನ್ನೇ ವಿಚಿತ್ರವಾಗಿ ನೋಡಿದಳು. "ನೀನ ಅಲ್ಲೇನ?"

ಫೈಲು ತೆರೆದಳು. ಅಮರನ ಸಹಿಯ ಕೆಳಗೆ ಪೂರ್ಣಿಮಾಳದೇ ದುಂಡು ಅಕ್ಷರ!

ಆಗ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಸ್ಟಾಫ್ ರೂಮಿನಲ್ಲಿ ಸರ್ ಒಂದು ಕಾಗದ ಚಾಚಿದ್ದರು. ಸರ್ ಕೊಟ್ಟ ಕಾಗದವನ್ನು ಓದುವುದೆಂದರೆ ಅವರ ಮೇಲೆ ಅನುಮಾನ ಪಟ್ಟಂತೆ ಎಂಬುದು ಅವರ ಶಿಷ್ಯರೆಲ್ಲರ ಭಾವನೆ. ಅವಳೂ ಕಣ್ಣು ಮುಚ್ಚಿ ಸಹಿ ಹಾಕಿದ್ದಳು. "ಪೂರಾ ಓದಿದಿ ಏನವಾ?" ಎಂದು ಅವರು ಕೇಳಿದಾಗ "ಓದೇನ್ರಿ ಸರ್" ಎಂದು ಸುಳ್ಳು ಹೇಳಿದ್ದಳು.

ಸರ್ ಅದನ್ನೇ ಅವಳ ಒಪ್ಪಿಗೆ ಎಂದುಕೊಂಡು ಎಷ್ಟು ಸಮಾಧಾನ ಪಟ್ಟಿದ್ದರೋ... ಅವಳಿಗೆ ಅಲ್ಲೇ ಅಳು ಬಂತು.

ಹೇಳದೇ ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಸರ್ ಮನೆಯ ಋಣ ಮುಗಿದಂತೆಯೇ. ಆದರೂ ಮಧ್ಯಾಹ್ನ ಮೈಕಿನ ಮುಂದೆ ನಿಂತು ಹೇಳಿಬಿಟ್ಟಳು.

"ಎರಡನೇ ಸಾಕ್ಷಿ ನಾನ. ಓದದ ಸಹಿ ಹಾಕಿ, ಸರ್ ಕೇಳಿದಾಗ ಓದೇನಿ ಅಂತ ಸುಳ್ಳ ಹೇಳಿದ್ದೆ. ಅಮರ ಅವರು ಮಾಡಿದ್ದು ಸರ್ ಇಚ್ಛಾ. ಬೈಯೂದಿದ್ರ ನನ್ನ ಬೈರಿ."

ಬಾಳಪ್ಪ ಕುರ್ಚಿ ನೂಕಿ ಎದ್ದು ಹೋದ. ಅವನ ಹಿಂದೆ ಮತ್ತೆ ಕೆಲವರು ಹೋದರು.

ಸಭೆ ಮುಗಿದ ಮೇಲೆ ಅಮರ ಹಿಂದಿನ ಬೆಂಚಿನಲ್ಲಿ ಒಬ್ಬನೇ ಕುಳಿತಿದ್ದ. ಅವಳು ಹೋಗಿ ಎದುರಿಗೆ ನಿಂತಳು.

"ನನ್ನ ಹೆಸರು ಯಾಕ ಹೇಳಲಿಲ್ರಿ?"

"ಹೇಳಿದ್ರ ಊರಿಗೂರ ನಿಮ್ಮ ಮ್ಯಾಲ ಬೀಳ್ತಿತ್ತು." ಅವನ ದನಿ ಇನ್ನೂ ಬಿರುಸಾಗಿಯೇ ಇತ್ತು. "ಆದ್ರ ನೀವು ಓದೇ ಸಹಿ ಮಾಡೀರಿ ಅನ್ಕೊಂಡಿದ್ದೆ. ಎಲ್ಲಾ ಗೊತ್ತಿದ್ದೂ ಹಂಗ ಅಂದ್ರಲ್ಲ ಅಂತ ನಿಮ್ಮ ಹೆಸರು ಕೇಳಿದ್ರ ಮೈ ಉರೀತಿತ್ತು."

"ನನಗ ಖರೇನ ಗೊತ್ತಿರಲಿಲ್ರಿ... ತಪ್ಪಾತು."

"ಮಗಾನ ಅಲ್ಲ ಅಂದ್ರಿ. ಅದು ಇನ್ನೂ ಮನಸ್ಸಿನ್ಯಾಗಿಂದ ಹೋಗಿಲ್ಲ."

"ಹೋಗೂದು ಬ್ಯಾಡ್ರಿ. ಸಿಟ್ಟ ಇಟ್ಕೊರಿ. ನೀವಂದ್ರ ನನಗ ಭಾಳ ಜೀವ, ಅದನ್ನೂ ಸಿಟ್ಟಿನಾಗ ಮುಚ್ಚಿಟ್ಟಿದ್ದೆ. ಇಷ್ಟು ಹೇಳಾಕ ಬಂದೆ."

ಅಮರ ಸ್ವಲ್ಪ ಸರಿದು ಜಾಗ ಮಾಡಿದ.

"ಕುಂದರ್ರಿ." ಅವನು ಖಾಲಿ ವೇದಿಕೆಯತ್ತ ನೋಡಿದ. "ಅಪ್ಪ ಹೋಗಿ ತಿಂಗಳಾತು ಪೂರ್ಣಿಮಾ. ನಿಮ್ಮೆಲ್ಲರ ಜೋಡಿ ಜಗಳಾಡೂದ್ರಾಗ ನಾ ಇನ್ನೂ ಅತ್ತಿಲ್ಲ."

ಅವಳು ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದಳು.

"ಈಗ ಅಳ್ರಿ. ನಾ ಎಲ್ಲೀ ಹೋಗೂದಿಲ್ಲ."