ಸೆಮಿಸಿ ಉಪದೇಶಿಯ ಬಲಗಾಲು

ಲೋಸೆ ಏದುಸಿರು ಬಿಡುತ್ತ ಮೆಲೆನಾಯಿತೆಯ ಅಂಗಳಕ್ಕೆ ಓಡಿಬಂದಾಗ ಕಡಲು ನಿದ್ದೆಗಣ್ಣಲ್ಲಿತ್ತು. ಅಲೆಯ ಸದ್ದಿಲ್ಲ. ಯಾವುದೋ ಮನೆಯಲ್ಲಿ ಹೆಂಗಸರು ಮರದ ತೊಗಟೆಯನ್ನು ಬಡಿದು ಬಟ್ಟೆ ಮಾಡುತ್ತಿದ್ದ ಸದ್ದು ಮಾತ್ರ ಕನಸಿನೊಳಗಿನ ಎದೆಬಡಿತದಂತೆ ತೇಲಿಬರುತ್ತಿತ್ತು.

“ದಾದಿಯಮ್ಮಾ, ಬೇಗ ಬನ್ನಿ! ಮಾವನ ಕಾಲು ಕಪ್ಪಾಗಿದೆ. ನಾಳೆ ದೊಡ್ಡಾಸ್ಪತ್ರೆಗೆ ಕರ್ಕೊಂಡ್ಬನ್ನಿ, ಮೊಣಕಾಲವರೆಗೂ ತೆಗೀಬೇಕಾಗಬಹುದು ಅಂತ ಡಾಕ್ಟ್ರು ಫೋನಲ್ಲಿ ಹೇಳಿದ್ರು. ನಮ್ಮನೆಯೋರು ಪಕ್ಕದ್ಮನೆ ಕಲಾಫೀನ ಎಳ್ಕೊಂಬಂದು ಕೂರಿಸಿದಾರೆ, ಕೈಲಿ ಮಚ್ಚು ಬೇರೆ!”

ಮೆಲೆನಾಯಿತೆ ನಲವತ್ತು ವರ್ಷ ಆ ದ್ವೀಪದ ದಾದಿಯಾಗಿದ್ದವಳು. ಕೆಲಸ ಬಿಟ್ಟ ಮೇಲೂ ಯಾರಿಗೆ ಏನು ಅನ್ಯಾಯವಾದರೂ ಜನ ಪೊಲೀಸನಿಗಿಂತ ಮೊದಲು ಅವಳ ಬಾಗಿಲಿಗೇ ಬರುತ್ತಿದ್ದರು. ಅವಳ ಚೀಲ ಹೊರುವವನು ಫೆಲೆತಿ, ಚರ್ಚಿನ ಮರದ ನಗಾರಿ ಬಾರಿಸುವ ಮುದುಕ. ಅವನ ಹೆಂಡತಿ ಪೆಸಿಯನ್ನು ಸಕ್ಕರೆ ಕಾಯಿಲೆ ಮೊದಲು ಒಂದು ಬೆರಳು, ಆಮೇಲೆ ಒಂದು ಕಾಲು, ಕೊನೆಗೆ ಇಡಿಯಾಗಿ ಕೊಂಡೊಯ್ದಿತ್ತು. ಅಂದಿನಿಂದ ಅವನು ಹೀಗೆ ಚೀಲ ಹೊತ್ತು ಅವಳ ಹಿಂದೆ ನಡೆಯುತ್ತಿದ್ದ.

ಅವರಿಬ್ಬರೂ ಹೋದಾಗ ಲೋಸೆಯ ಮಾವ, ಚರ್ಚಿನ ಉಪದೇಶಿ ಸೆಮಿಸಿ, ಚಾಪೆಯ ಮೇಲೆ ಮಲಗಿದ್ದ. ಮೂಲೆಯಲ್ಲಿ ನೆರೆಯ ಕಲಾಫಿ ತಲೆ ತಗ್ಗಿಸಿ ಕುಳಿತಿದ್ದ. ಸೆಮಿಸಿಯ ಮಗ, ಲೋಸೆಯ ಗಂಡ ಸಾಲೆಸಿ ಮಚ್ಚು ಹಿಡಿದು ಅವನ ಮುಂದೆ ನಿಂತಿದ್ದ.

“ಬೇಲಿ ಜಗಳಕ್ಕೆ ನಮ್ಮಪ್ಪನ ದಾರೀಲಿ ಮೊಳೆ ಚೆಲ್ತೀಯಾ? ನಿನ್ನ ಹಂದಿಗಿರೋ ನಾಚಿಕೆ ನಿಂಗಿಲ್ವಲ್ಲೋ!”

“ಹೋದ ವಾರದ ಮಂಗಳವಾರ ಬೇಲಿ ಕಟ್ವಾಗ ಬುಟ್ಟಿ ಉರುಳ್ತು. ಎಲ್ಲಾ ಆರಿಸ್ದೆ ಕಣೋ. ದೇವರಾಣೆ, ಬೇಕಂತ ಮಾಡಿದ್ದಲ್ಲ.”

“ಇಬ್ರೂ ಬಾಯ್ಮುಚ್ಚಿ,” ಎಂದಳು ಮೆಲೆನಾಯಿತೆ. ಚೀಲದಿಂದ ಪುಟ್ಟ ಕನ್ನಡಿ ತೆಗೆದು ಸೆಮಿಸಿಯ ಅಂಗಾಲಿನ ಕೆಳಗೆ ಹಿಡಿದಳು. ಫೆಲೆತಿ ಬಗ್ಗಿ ನೋಡಿದ. ಬೆರಳ ಬುಡದಲ್ಲಿ ಗುಂಡಗಿನ ಹುಣ್ಣು, ಸುತ್ತ ಜಜ್ಜಿದಂತೆ ಕಪ್ಪು. ಅವನಿಗೆ ಪೆಸಿಯ ಪಾದ ಕಂಡಂತಾಗಿ ಕಣ್ಣು ಮಂಜಾಯಿತು.

“ನೋವಿದ್ಯಾ ಅಣ್ಣಾ?”

“ಇಲ್ಲ ತಾಯಿ. ಅದೇ ದೇವರ ದಯೆ.”

“ಅದು ದಯೆ ಅಲ್ಲಣ್ಣಾ. ಲೋಸೆ, ಮಾವನ ಚಪ್ಪಲಿ ತಾ.”

ರಬ್ಬರ್ ಚಪ್ಪಲಿಗಳನ್ನು ಬೆಳಕಿಗೆ ಹಿಡಿದಳು. ಎಲ್ಲೂ ತೂತಿರಲಿಲ್ಲ.

“ಬರಿಗಾಲಲ್ಲಿ ಹೋಗಿದ್ರೋ ಏನೋ,” ಎಂದ ಸಾಲೆಸಿ.

“ಇರಬಹುದು. ಲೋಸೆ, ಆ ವಾರ ಬಟ್ಟೆ ಒಗೆದಿದ್ದು ಯಾವತ್ತು?”

“ಸೋಮವಾರ. ಮಾವನ ಬಿಳಿ ಕಾಲುಚೀಲದಲ್ಲಿ ಕಂದು ಕಲೆ ಇತ್ತು. ಬೂಟಿನ ಪಾಲಿಶ್ ಅಂದ್ಕೊಂಡೆ.”

“ಬೂಟು ಯಾವ ಬಣ್ಣ?”

“ಕರಿ...” ಲೋಸೆಯ ಮಾತು ಅಲ್ಲೇ ನಿಂತಿತು.

ಬೂಟು ಬಂತು. ಆಕ್ಲೆಂಡಿನಲ್ಲಿರುವ ಮಗಳು ಕಳಿಸಿದ್ದು, ಒಂದಳತೆ ಚಿಕ್ಕದು. ಮೆಲೆನಾಯಿತೆ ಬಲಗಾಲಿನದರೊಳಗೆ ಕೈಹಾಕಿ ತಡಕಾಡಿ, ನುಣುಪಾದ ಕರಿಯ ಹರಳೊಂದನ್ನು ಹೊರತೆಗೆದಳು. ಮೂಸಿ ನೋಡಿ ಫೆಲೆತಿಗೆ ಕೊಟ್ಟಳು. ಹೂವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ. ಬೆಂಕಿಬೆಟ್ಟದ ದ್ವೀಪದಿಂದ ತಂದು, ಎಣ್ಣೆ ಸವರಿ, ತೀರಿಕೊಂಡವರ ಸಮಾಧಿಯ ಮೇಲೆ ಹೊದಿಸುವ ಹರಳು. ಪೆಸಿಗೂ ಅವನು ಹಾಗೆಯೇ ಒಂದೊಂದನ್ನಾಗಿ ಜೋಡಿಸಿದ್ದ.

“ಅದು ನನ್ನ ಹೆಂಡ್ತಿ ಸೆಲುವಿನದು,” ಎಂದ ಸೆಮಿಸಿ ಮೆಲ್ಲಗೆ. “ಆ ಸೋಮವಾರದ ಹಿಂದಿನ ದಿನ, ಭಾನುವಾರ, ಬೆಳಗಿನ ಆರಾಧನೆ ಮುಗಿಸಿ ಸಮಾಧಿಗೆ ಹೋಗಿದ್ದೆ. ಬೂಟು ಪಕ್ಕಕ್ಕೆ ಬಿಟ್ಟು ಮಂಡಿಯೂರಿ ಹರಳು ಸುರಿದೆ.”

“ಅಲ್ಲೇ ಇದು ಬೂಟಿಗೆ ಬಿತ್ತು,” ಎಂದಳು ಮೆಲೆನಾಯಿತೆ. ಎಲ್ಲರೂ ಅವಳ ಸುತ್ತ ಕುಳಿತರು. “ಮೊಳೆ ಚೆಲ್ಲಿದ್ದು ಮಂಗಳವಾರ, ರಕ್ತದ ಕಲೆ ಕಂಡಿದ್ದು ಅದರ ಹಿಂದಿನ ದಿನ, ಸೋಮವಾರ. ಕಲಾಫಿಯ ಮೊಳೆ ಹುಣ್ಣು ಮಾಡಿಲ್ಲ. ಮಧ್ಯಾಹ್ನದ ಆರಾಧನೇಲಿ ಅಣ್ಣ ಈ ಹರಳಿನ ಮೇಲೇ ನಿಂತು ಒಂದು ಗಂಟೆ ಉಪದೇಶ ಮಾಡಿದ. ಹದಿನೈದು ವರ್ಷದ ಸಕ್ಕರೆ ಅಂಗಾಲಿನ ಅರಿವು ತಿಂದಿತ್ತು, ಅದಕ್ಕೇ ಗೊತ್ತಾಗಲಿಲ್ಲ. ಬಿಗಿ ಬೂಟು ಒತ್ತಿ ಹಿಡೀತು. ಬೀಡಿ ಸೇದಿ ಸೇದಿ ರಕ್ತದ ದಾರಿ ಸಣ್ಣಗಾಗಿತ್ತು, ಅದಕ್ಕೇ ಮಾಯಲಿಲ್ಲ. ಮಾತ್ರೆ ಯಾವಾಗ ಬಿಟ್ಟೆ ಅಣ್ಣಾ?”

“ಸೆಲು ಹೋದ ದಿನ.”

“ಎಲೆ ಕಟ್ಟಿ ಹತ್ತು ದಿನ ಹುಣ್ಣು ಮುಚ್ಚಿಟ್ಟಿದ್ದು?”

“ನಾನೇ. ಕಾಲು ತೋರಿಸಿದ್ರೆ ಈ ಭಾನುವಾರ ಅವಳ ನೆನಪಿನ ಉಪದೇಶಕ್ಕೆ ನಿಲ್ಲೋಕೆ ಬಿಡ್ತಿರಲಿಲ್ಲ.”

“ಕಾಲು ಕೊಳೆಸಿಕೊಂಡು ಬಾ ಅಂತ ಸೆಲು ಕರೆದ್ಲಾ?” ಎಂದುಬಿಟ್ಟ ಫೆಲೆತಿ. ತನ್ನ ದನಿಗೆ ತಾನೇ ಬೆಚ್ಚಿದ. “ನಮ್ಮ ಪೆಸಿ ಅಂಗಾಲನ್ನ ನಾನು ಒಂದು ದಿನಾನೂ ನೋಡಲಿಲ್ಲ ಕಣೋ.”

ಹೊರಗೆ ತೊಗಟೆ ಬಡಿಯುವ ಸದ್ದು ನಿಂತಿತ್ತು.

“ನಾಳೆವರೆಗೂ ಕಾಯೋ ಹಾಗಿಲ್ಲ,” ಎಂದಳು ಮೆಲೆನಾಯಿತೆ. “ಈಗಲೇ ಹೊರಟ್ರೆ ಬೆರಳಿಗೇ ಮುಗೀಬಹುದು.”

ಕಲಾಫಿ ಎದ್ದು ನಿಂತ. “ನನ್ನ ದೋಣಿ ನೀರಲ್ಲೇ ಇದೆ.”

ಸಾಲೆಸಿ ಮಚ್ಚು ಕೆಳಗಿಟ್ಟ. “ಆ ಕಡೆ ಹಿಡ್ಕೊಳ್ಳಣ್ಣಾ,” ಎಂದ. ಇಬ್ಬರೂ ಸೆಮಿಸಿಯನ್ನು ಚಾಪೆಯ ಸಮೇತ ಎತ್ತಿಕೊಂಡು ದಡಕ್ಕೆ ನಡೆದರು.

ಎರಡು ಬೆರಳು ಹೋದವು, ಕಾಲು ಉಳಿಯಿತು.

ಆ ಸುದ್ದಿ ಬಂದ ಭಾನುವಾರ ಬೆಳಿಗ್ಗೆ ಫೆಲೆತಿ ಹರಳನ್ನು ಸೆಲುವಿನ ಸಮಾಧಿಯ ಮೇಲಿಟ್ಟು ಮನೆಗೆ ಬಂದ. ತನ್ನ ಬೂಟುಗಳನ್ನು ಬೋರಲು ಹಾಕಿ ತಟ್ಟಿದ. ಆಮೇಲೆ ಪೆಸಿ ತಲೆ ಬಾಚುವಾಗ ಹಿಡಿಯುತ್ತಿದ್ದ ಕನ್ನಡಿಯನ್ನು ಪೆಟ್ಟಿಗೆಯಿಂದ ತೆಗೆದು, ಧೂಳು ಒರೆಸಿ, ತನ್ನ ಅಂಗಾಲಿನ ಕೆಳಗೆ ಹಿಡಿದ.