ನಾಲ್ಕು ಗಂಟೆಗೆ ಸಾಯುವ ತಂತಿ

ಬುಧವಾರ ಸಂಜೆ ನಾಲ್ಕು ಗಂಟೆ ಎರಡು ನಿಮಿಷಕ್ಕೆ ರಾವಿಯಾಳ ಮನೆಯ ಇಂಟರ್ನೆಟ್ ಮತ್ತೆ ಸತ್ತಿತು. ಪರದೆಯ ಮೇಲೆ ಸ್ವೀಡನ್ನಿನ ಹನ್ನೊಂದು ಮಕ್ಕಳ ಮುಖಗಳು ಇದ್ದಲ್ಲೇ ನಿಂತುಬಿಟ್ಟವು.

ನಾನು ಮೂರನೆಯ ಮಹಡಿಗೆ ಓಡಿ ಬರುವಷ್ಟರಲ್ಲಿ ರಾವಿಯಾ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಗಂಡ ತೀರಿಕೊಂಡ ಮೇಲೆ, ದೂರದ ದೇಶಗಳಲ್ಲಿ ನೆಲೆಸಿದ ಅರಬರ ಮಕ್ಕಳಿಗೆ ಇಂಟರ್ನೆಟ್ಟಿನಲ್ಲಿ ಅರಬ್ಬೀ ಓದು ಕಲಿಸಿಯೇ ಅವಳ ಬದುಕು.

"ಇಂಜಿನಿಯರೇ, ಇನ್ನೊಂದು ಸಲ ಹೀಗಾದ್ರೆ ಕ್ಲಾಸು ಬೇರೆಯವರಿಗೆ ಅಂತ ಶಾಲೆಯವ್ರು ಬರೆದಿದ್ದಾರೆ," ಅಂದಳು.

ತಪ್ಪು ನನ್ನ ಕೊರಳಿಗೇ ಸುತ್ತಿಕೊಳ್ಳುವಂಥದ್ದು. ಅಲೆಕ್ಸಾಂಡ್ರಿಯಾದ ಈ ಹಳೇ ಕಟ್ಟಡದ ಗೋಡೆಗಳು ಮೊಳದಪ್ಪ. ಕೊರೆಯಲು ಮನೆಯವರು ಬಿಡಲಿಲ್ಲ. ಅದಕ್ಕೇ ಮೂರು ವಾರದ ಹಿಂದೆ ನಾನು ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇಟ್ಟು, ಹಳೇ ಟೆಲಿಫೋನ್ ತಂತಿಗಳಲ್ಲೇ ಎಲ್ಲ ಮನೆಗೂ ಇಂಟರ್ನೆಟ್ ಹರಿಸಿದೆ. ಹೊಸದಾಗಿ ಒಂದು ಮೊಳೆಯನ್ನೂ ಹೊಡೆದಿಲ್ಲ ಎಂದು ಕಂಡವರ ಮುಂದೆಲ್ಲ ಕೊಚ್ಚಿಕೊಂಡಿದ್ದೆ. ಎಲ್ಲರ ಮನೆಯಲ್ಲೂ ಸರಿಯಾಗಿದೆ, ರಾವಿಯಾಳದ್ದು ಮಾತ್ರ ದಿನಾ ನಾಲ್ಕಕ್ಕೆ ಸಾಯುತ್ತದೆ.

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಕಟ್ಟಡದ ಸಂಘದ ಅಧ್ಯಕ್ಷ, ಎಲ್ಲರೂ ಗೌರವದಿಂದ ಉಸ್ತಾಜ್ ಅನ್ನುವ ನಾಲ್ಕನೆಯ ಮಹಡಿಯ ವಹ್ದಾನ್.

"ಇದು ತಂತಿ ದೋಷ ಅಲ್ಲ, ಮನುಷ್ಯರ ಕೆಲ್ಸ. ನೆಲಮಾಳಿಗೆ ಬೀಗದ ಕೈ ಯಾರ ಹತ್ರ ಇದೆ?"

"ಕಾವಲುಗಾರ ಖಲ್ಲಾಫ್ ಹತ್ರ," ಅಂದೆ.

"ದಿನಾ ನಾಲ್ಕಕ್ಕೆ ಅವನು ಕೆಳಗಿಳಿದು ಹೋಗೋದನ್ನ ನಾಲ್ಕು ಜನ ನೋಡಿದ್ದಾರೆ. ಯಾಕೆ ಅಂತ ಕೇಳಿದ್ರೆ ಬಾಯಿ ಬಿಡಲ್ಲ. ನಾಳೆ ಸಂಜೆಯೊಳಗೆ ಮೆಟ್ಟಿಲ ಕೆಳಗಿನ ಕೋಣೆ ಖಾಲಿ ಮಾಡು ಅಂದಿದ್ದೀನಿ."

ನನಗೆ ಕಸಿವಿಸಿಯಾಯಿತು. ಖಲ್ಲಾಫ್ ಈಜಿಪ್ಟಿನ ದಕ್ಷಿಣದ ಮೇಲ್ನಾಡಿನಿಂದ ಬಂದು ಇಪ್ಪತ್ತಾರು ವರ್ಷವಾಗಿದೆ. ಅವನಿಗೂ ಹೆಂಡತಿ ವಜೀದಾಳಿಗೂ ಇರುವುದು ಆ ಒಂದೇ ಕೋಣೆ. ಕೆಳಗಿಳಿದು ನೋಡಿದರೆ, ವಜೀದಾ ಆಗಲೇ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದಳು. ಅವನು ಗೋಡೆ ನೋಡುತ್ತ ನಿಂತಿದ್ದ.

ನಾನು ಸೀದಾ ಮತ್ತೆ ಎರಡನೆಯ ಮಹಡಿಗೆ ಹತ್ತಿ, ಮದಾಮ್ ಇನ್ಸಾಫ್ ಮನೆಗೆ ಹೋದೆ. ನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತಿಯಾದವರು. ಗೊರಕೆ ಕೇಳಿದರೆ ಯಾವ ಮಹಡಿಯದು ಅಂತ ಹೇಳುವಷ್ಟು ಕಿವಿ ಚುರುಕು.

"ಕೊನೆಗೂ ಬಂದ್ಯಾ?" ಅಂದರು. "ಮೂರು ವಾರ ಒಬ್ಬನೇ ಒದ್ದಾಡಿದೆ. ನಮ್ಮಂಥ ಮುದುಕೀರನ್ನ ಕೇಳಿದ್ರೆ ಮರ್ಯಾದೆ ಹೋಗುತ್ತೆ, ಅಲ್ವಾ?"

ಮೊದಲು ಅವರು ನನ್ನೊಂದಿಗೆ ಕೆಳಗಿಳಿದು ಖಲ್ಲಾಫ್‌ನನ್ನು ಮೂಲೆಗೆ ಕರೆದು, ತುಸು ಹತ್ತಿರ ನಿಂತು ಉಸಿರೆಳೆದುಕೊಂಡರು.

"ದಿನಕ್ಕೆ ಎಷ್ಟು?" ಪಿಸುಗುಟ್ಟಿದರು.

ಖಲ್ಲಾಫ್ ಬೆವೆತ. "ಒಂದೇ ಸಿಗರೇಟು ಅಮ್ಮಾ, ದೇವರಾಣೆ. ಎದೆನೋವು ಬಂದ್ಮೇಲೆ ಬಿಟ್ಟೆ ಅಂತ ವಜೀದಾ ನಂಬಿದ್ದಾಳೆ. ನಾಲ್ಕಕ್ಕೆ ಅವಳು ಮಾರ್ಕೆಟ್ಟಿಗೆ ಹೋಗ್ತಾಳೆ... ಅವಳಿಗೆ ಹೇಳ್ಬೇಡಿ."

"ಕೋಣೆ ಹೋದ್ರೂ ಪರವಾಗಿಲ್ವಾ?"

"ಕೋಣೆ ಬೇರೆ ಸಿಗಬಹುದು. ಅವಳು ಮತ್ತೆ ಅತ್ರೆ ನಂಗೆ ತಡೆಯೋಕಾಗಲ್ಲ."

ಮದಾಮ್ ಇನ್ಸಾಫ್ ಅವನ ಭುಜ ತಟ್ಟಿ ರಾವಿಯಾಳ ಮನೆಯತ್ತ ಮೆಟ್ಟಿಲು ಹತ್ತತೊಡಗಿದರು.

ರಾವಿಯಾ ತಂತಿ ಸತ್ತ ಹೊತ್ತನ್ನೆಲ್ಲ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಳು. ಮದಾಮ್ ಕನ್ನಡಕ ಏರಿಸಿ ಓದಿದರು.

"ನಾಲ್ಕರಿಂದ ಐದು, ನಾಲ್ಕರಿಂದ ಐದು... ಶುಕ್ರವಾರ ಒಂದು ದಿನಾನೂ ಇಲ್ಲ. ನಿನ್ನೆ ಮಂಗಳವಾರ ಮಾತ್ರ ಆರರವರೆಗೆ! ಏನು ಮಗಾ, ನಿನ್ನೆ ಐದೂವರೆಗೆ ಸಂಘದ ಸಭೆ ಇತ್ತಲ್ಲ?"

"ಇತ್ತು. ಖಲ್ಲಾಫ್ ಐದೂವರೆಯಿಂದ ನಮಗೆಲ್ಲ ಚಹಾ ಕೊಡ್ತಿದ್ದ."

"ಅಂದ್ರೆ ಆರಕ್ಕೆ ತಂತಿ ಜೀವ ಪಡೆದಾಗ ಅವನು ನಿನ್ನ ಕಣ್ಣ ಮುಂದೇ ಇದ್ದ. ಸಭೆಗೆ ತಡವಾಗಿ ಬಂದವ್ರು ಯಾರು?"

"ಅಧ್ಯಕ್ಷರೇ. ಆರೂ ಹತ್ತಕ್ಕೆ ಬಂದ್ರು, ಕೆನ್ನೆ ಮೇಲೆ ದಿಂಬಿನ ಗೆರೆ ಇತ್ತು." ಹೇಳಿ ನಾನೇ ಬೆಚ್ಚಿದೆ. "ಅವರಾ? ಅವರಿಗೂ ಈ ತಂತಿಗೂ ಏನು ಸಂಬಂಧ?"

ಅವರು ಗೋಡೆಯ ಟೆಲಿಫೋನ್ ಪ್ಲಗ್ಗಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ರಾವಿಯಾ, ಫೋನ್ ಸೆಟ್ಟೆಲ್ಲಿ?"

"ಅತ್ತೆ ಹೋದ್ಮೇಲೆ ತೆಗೆದಿಟ್ಟೆ. ಮೊಬೈಲ್ ಇದ್ಯಲ್ಲ."

"ಅತ್ತೆ ಯಾವಾಗ ಫೋನಲ್ಲಿ ಮಾತಾಡ್ತಿದ್ಲು?"

ರಾವಿಯಾ ನಕ್ಕಳು. "ನಾಲ್ಕಕ್ಕೆ ಕಾಫಿ ಹಿಡ್ಕೊಂಡು ಕೂತ್ರೆ ಐದರವರೆಗೆ ಏಳ್ತಿರ್ಲಿಲ್ಲ. ಪಿಸಪಿಸ, ಕಿಸಕಿಸ. ಯಾರ ಹತ್ರ ಅಂತ ಕೇಳಿದ್ರೆ 'ನಿಂಗ್ಯಾಕೆ?' ಅಂತಿದ್ರು."

"ಮಗಾ, ಇಲ್ಲಿ ನೋಡು. ಪ್ಲಗ್ಗಿಗೆ ತಂತಿ ಬರೋದು ಒಂದು ಕಡೆಯಿಂದ. ಇನ್ನೊಂದು ಕಡೆಯಿಂದ ಹೊರಗೆ ಹೋಗ್ತಿರೋದೇನು?"

"ಅದಾ? ಹಳೇ ಸತ್ತ ತಂತಿ ಅಂದ್ಕೊಂಡೆ."

ಕಿಟಕಿಯ ಚೌಕಟ್ಟಿಗೆ ಹಸಿರು ಬಣ್ಣ ಬಳಿದಾಗ ತಂತಿಗೂ ಬಳಿದಿದ್ದರು. ಅದು ಚೌಕಟ್ಟಿನ ಗುಂಟ ಸಾಗಿ, ಕಟ್ಟಡದ ನಡುವಿನ ಗಾಳಿಬೆಳಕಿನ ಬಾವಿಗೆ ಇಳಿಬಿಟ್ಟ ತರಕಾರಿ ಬುಟ್ಟಿಯ ಹಗ್ಗದ ಪಕ್ಕದಲ್ಲೇ ಮೇಲಕ್ಕೆ, ನಾಲ್ಕನೆಯ ಮಹಡಿಯತ್ತ ಹತ್ತಿತ್ತು.

ಗುರುವಾರ ಮೂರು ಗಂಟೆಗೆ ನಾವು ಅಧ್ಯಕ್ಷರ ಬಾಗಿಲು ತಟ್ಟಿದೆವು. ಖಲ್ಲಾಫ್‌ನನ್ನೂ ಮದಾಮ್ ಬಲವಂತವಾಗಿ ಕರೆತಂದಿದ್ದರು. ಪಾಠಕ್ಕೆ ಇನ್ನೂ ಒಂದು ಗಂಟೆ ಇತ್ತು. ರಾವಿಯಾ ಕೆಳಗೆ ಕಂಪ್ಯೂಟರಿನ ಮುಂದೆ ಕಿಟಕಿ ತೆರೆದು ಕೂತಿದ್ದಳು.

"ಏನಿದು ದಂಡು?" ವಹ್ದಾನ್ ಹುಬ್ಬು ಗಂಟಿಕ್ಕಿದರು. "ನಾಲ್ಕಕ್ಕೆ ನಾನು ಮಲಗ್ಬೇಕು."

"ಅದೇ ಬೇಕಾಗಿತ್ತು," ಅಂದರು ಮದಾಮ್. "ಮಲಗೋಕೆ ಮುಂಚೆ ದಿನಾ ಏನು ಮಾಡ್ತೀರಿ? ಈಗ ಮಾಡಿ ತೋರ್ಸಿ."

"ತಮಾಷೆನಾ?"

"ಒಬ್ಬನ ಮನೆ ಹೋಗ್ತಿದೆ ಉಸ್ತಾಜ್. ತಮಾಷೆ ಅಲ್ಲ."

ಅವರು ಗೊಣಗುತ್ತ ಹಜಾರದ ಫೋನಿನ ರಿಸೀವರ್ ಎತ್ತಿ ಪಕ್ಕಕ್ಕಿಟ್ಟರು. "ನಿದ್ದೆ ಕೆಡಬಾರ್ದು ಅಂತ. ಈ ಊರಲ್ಲಿ ಎಲ್ರೂ ಮಾಡ್ತಾರೆ. ಅಪರಾಧವಾ?"

ಎಲ್ಲರೂ ಕಿವಿಗೊಟ್ಟೆವು. ಕೆಳಗಿನಿಂದ ಸದ್ದಿಲ್ಲ.

"ಆಮೇಲೆ?"

"ಆಮೇಲೆ ಇನ್ನೊಂದು." ಅಡುಗೆಮನೆಗೆ ಹೋಗಿ, ಕಿಟಕಿಯ ಪಕ್ಕದ ಕಪ್ಪು ಫೋನಿನ ರಿಸೀವರ್ ಎತ್ತಿಟ್ಟರು. ಟಿಂಗ್ ಅಂತ ಸಣ್ಣ ಸದ್ದಾಯಿತು.

ಕೆಳಗಿನಿಂದ ರಾವಿಯಾ ಕೂಗಿದಳು: "ಹೋಯ್ತು! ಈಗಷ್ಟೇ ಹೋಯ್ತು!"

ವಹ್ದಾನ್ ಮುಖ ಬಿಳುಚಿಕೊಂಡಿತು. ರಿಸೀವರನ್ನು ಮತ್ತೆ ಅದರ ಜಾಗಕ್ಕೆ ಇಟ್ಟರು. ಒಂದೆರಡು ನಿಮಿಷ ಕಳೆದು ಕೆಳಗಿನಿಂದ, "ಬಂತು!"

"ಶುಕ್ರವಾರ ನೀವು ತಂಗಿ ಮನೇಲಿ ಊಟ ಮಾಡಿ ಅಲ್ಲೇ ಮಲಗ್ತೀರಿ, ತಂತಿ ಬದುಕಿರುತ್ತೆ," ಮದಾಮ್ ಮೆಲ್ಲಗೆ ಹೇಳಿದರು. "ಮಂಗಳವಾರ ಆರರವರೆಗೆ ಮಲಗಿದ್ರಿ, ಆರರವರೆಗೆ ಸತ್ತಿತ್ತು. ಕಳ್ಳ ಅಂತ ಯಾರೂ ಇಲ್ಲ. ಆದ್ರೆ ಅದನ್ನ ಮಾಡ್ತಿದ್ದದ್ದು ನೀವೇ."

"ಆದ್ರೆ ಇದು ನನ್ನ ಫೋನು!"

"ಅಲ್ಲ. ನಿಮಗೆ ಲೈನ್ ಸಿಗೋಕೆ ಎಷ್ಟು ವರ್ಷ ಕಾದ್ರಿ?"

"ಹನ್ನೊಂದು."

"ಆ ಹನ್ನೊಂದು ವರ್ಷ ಕೆಳಗಿನ ಹಾಜಾ ಜಹ್ರಾ, ಅದೇ ರಾವಿಯಾಳ ಅತ್ತೆ, ತನ್ನ ಲೈನಿಂದ ಒಂದು ತಂತಿ ಎಳೆದು ನಿಮ್ಮ ಹೆಂಡ್ತಿಗೆ ಕೊಟ್ಟಿದ್ಲು. ಆಗ ಎಷ್ಟು ಮನೆಯವ್ರು ಹಂಗೇ ಹಂಚ್ಕೊಂಡಿದ್ರು. ನಿಮ್ಮದೇ ಲೈನ್ ಬಂದ್ಮೇಲೂ ನಿಮ್ಮಾಕೆ ಇದನ್ನ ಕೀಳಿಸಲಿಲ್ಲ. ಈ ಮಗನೂ ಕಣ್ಣಿಗೆ ಕಂಡ ಫೋನುಗಳಿಗೆ ಮಾತ್ರ, ರಿಸೀವರ್ ಎತ್ತಿದ್ರೆ ಇಂಟರ್ನೆಟ್ ಕೆಡದ ಹಾಗೆ ಫಿಲ್ಟರ್ ಹಾಕಿದ, ಇದನ್ನ ಬಿಟ್ಟ."

ನಾನು ತಲೆ ತಗ್ಗಿಸಿದೆ. ಅಪರಾಧದಲ್ಲಿ ಅರ್ಧ ನನ್ನದೇ.

"ನನ್ನ ಹೆಂಡ್ತಿ ಸಮೀಹಾ ದಿನಾ ಎರಡನ್ನೂ ಎತ್ತಿಡ್ತಿದ್ಲು," ವಹ್ದಾನ್ ತಡವರಿಸಿದರು. "ಹಾಸಿಗೇಲಿ ಮಲಗಿ ಕೇಳ್ತಿದ್ದೆ. ಹಜಾರದ ಟಿಂಗ್, ಅಡುಗೆಮನೆ ಟಿಂಗ್. ಎರಡನೇದು ಕೇಳಿದ್ಮೇಲೇ ನಂಗೆ ನಿದ್ದೆ. ಅವಳು ಹೋಗಿ ಎರಡು ವರ್ಷ ಆಯ್ತು, ನಾನೂ ಹಂಗೇ..."

"ಹಜಾರದ್ದನ್ನ ನಿಮ್ಮ ನಿದ್ದೆಗೆ ಅಂತ ಪಕ್ಕಕ್ಕಿಡ್ತಿದ್ಲು. ಇದನ್ನ ಪಕ್ಕಕ್ಕಿಡ್ತಿರ್ಲಿಲ್ಲ ಉಸ್ತಾಜ್. ಕಿವಿಗೆ ಇಟ್ಕೊಳ್ತಿದ್ಲು. ಒಂದೇ ಲೈನಿನ ಎರಡು ಫೋನು, ಒಂದು ಅಂಕಿ ಒತ್ತಿದ್ರೆ ಗುಂಯ್ ಅನ್ನೋ ಡಯಲ್ ಟೋನ್ ನಿಲ್ಲುತ್ತೆ. ಆಮೇಲೆ ಮೇಲಿನವಳೂ ಕೆಳಗಿನವಳೂ ಒಂದು ಗಂಟೆ ಹರಟೆ. ನೀವು ಏಳೋವರೆಗೆ."

ವಹ್ದಾನ್ ಕುರ್ಚಿಯ ಮೇಲೆ ಕುಸಿದು ಕೂತರು. ಮೂವತ್ತು ವರ್ಷ ಪಕ್ಕದ ಕೋಣೆಯಲ್ಲಿ ನಗುತ್ತಿದ್ದ ಹೆಂಡತಿಯ ನಗು ಅವರಿಗೆ ಈಗ ಕೇಳಿಸಿತೋ ಏನೋ.

"ಈ ತಂತಿ ಕಿತ್ತುಬಿಡ್ಲಾ?" ಅಂದೆ.

"ಮುಟ್ಟಬೇಡ!" ಅಂದರು. ಆಮೇಲೆ ದನಿ ತಗ್ಗಿಸಿ, "ಬೇರೆ ದಾರಿ ಇಲ್ವಾ?"

ಇತ್ತು. ಬೆಂಕಿಪೊಟ್ಟಣದಷ್ಟು ಚಿಕ್ಕ ಫಿಲ್ಟರೊಂದನ್ನು ಆ ಫೋನಿಗೆ ಸಿಕ್ಕಿಸಿದೆ. ಐದು ನಿಮಿಷದ ಕೆಲಸ.

ವಹ್ದಾನ್ ಎದ್ದು ಬಾಗಿಲಲ್ಲಿ ನಿಂತಿದ್ದ ಖಲ್ಲಾಫ್ ಹತ್ತಿರ ಹೋದರು. "ತಪ್ಪಾಯ್ತು ಖಲ್ಲಾಫ್. ಹಾಸಿಗೆ ಬಿಚ್ಚು ಅಂತ ವಜೀದಾಗೆ ನಾನೇ ಹೇಳ್ತೀನಿ. ಆದ್ರೂ, ನಾಲ್ಕಕ್ಕೆ ಕೆಳಗೆ ಏನ್ ಮಾಡ್ತಿದ್ದೆ?"

"ಅದು ತಂತಿಗೆ ಸಂಬಂಧಪಟ್ಟಿದ್ದಲ್ಲ," ಮದಾಮ್ ತಟ್ಟನೆ ಅಂದರು.

ಗಡಿಯಾರ ನಾಲ್ಕು ಹೊಡೆಯಿತು. ಕೆಳಗೆ ರಾವಿಯಾಳ ಪರದೆಯಲ್ಲಿ ಹನ್ನೊಂದು ಮಕ್ಕಳು ಒಕ್ಕೊರಲಿನಿಂದ ಓದಲು ಶುರುಮಾಡಿದರು. ವಹ್ದಾನ್ ಅಡುಗೆಮನೆಯ ರಿಸೀವರಿನತ್ತ ಕೈಚಾಚಿ, ಹಿಂಜರಿದು, ಖಲ್ಲಾಫ್‌ನ ಮುಖ ನೋಡಿದರು.

"ಎತ್ತಿಟ್ಟು ಮಲಗಿ ಉಸ್ತಾಜ್, ಇನ್ನು ತಂತಿ ಸಾಯಲ್ಲ," ಅಂದ ಖಲ್ಲಾಫ್. "ನಾನು ಕೆಳಗೇ ಇರ್ತೀನಿ."