ಬೆರಳ ತುದಿಯಷ್ಟು ಕಾಫಿ

"ಕುಡಿಯೋ ನೀರು?"

"ಇದೆ."

"ಜಿಗಣೆಗೆ ಉಪ್ಪು?"

"ಇದೆ ಮಾರಾಯ್ತಿ! ಒಂದು ದಿನ ಕಾಡು ನೋಡೋಕೆ ಹೋಗ್ತಿದ್ದೀವಿ, ಸಂಸಾರ ಹೂಡೋಕಲ್ಲ."

ಹಾಗಂದವನೇ ರೆನಾಂಗ್ ನಾಲಿಗೆ ಕಚ್ಚಿಕೊಂಡ. ಕಿವಿ ಕೆಂಪಾಯಿತು. ನನಗೆ ಮಾತ್ರ ನಗು ಬರಲಿಲ್ಲ.

ನದಿಯ ಮೇಲ್ಭಾಗದ ಆ ಕಾಡಿನಲ್ಲಿ ಅಂಗಡಿಯಿಲ್ಲ, ಕಕ್ಕಸಿಲ್ಲ, ಫೋನ್ ಸಿಗ್ನಲ್ ಇಲ್ಲ. ಶಾಲೆಯ ಮಕ್ಕಳನ್ನು ಕರೆದೊಯ್ಯಬಹುದೇ ಎಂದು ನೋಡಿಬರಲು ಮೇಷ್ಟ್ರಾದ ಅವನೂ ಟೀಚರಾದ ನಾನೂ ಹೊರಟಿದ್ದೆವು. ಆದರೆ ಅವನಿಗೆ ಮಿರಿ ಪಟ್ಟಣಕ್ಕೆ ವರ್ಗವಾಗಿತ್ತು. "ಅಲ್ಲಿ ನಿನಗೊಂದು ಮಾತು ಹೇಳ್ಬೇಕು, ಜವಾಯ್" ಎಂದಿದ್ದ. ಇನ್ನೇನು, ಹೋಗಿಬರ್ತೀನಿ ಅನ್ನೋದೇ ಇರಬೇಕು. ರಾತ್ರಿಯಿಡೀ ನನಗೆ ನಿದ್ದೆಯಿಲ್ಲ.

ಅಮ್ಮ ಜಗಲಿಗೆ ಕಾಫಿ ತಂದಳು. "ಬೇಡಮ್ಮ, ಹೊತ್ತಾಯ್ತು" ಎಂದವನೇ ಅವಳ ಮುಖವನ್ನೂ ನೋಡದೆ, ನಮ್ಮ ಕಂಬದ ಮನೆಯ ಏಣಿ ಇಳಿದು ದೋಣಿಯತ್ತ ಓಡಿದ. ಲೋಟ ಮುಟ್ಟಲೂ ಇಲ್ಲ!

ಕೊಟ್ಟದ್ದನ್ನು ಬೇಡವೆನ್ನುವವರು ನಮ್ಮಲ್ಲಿ ಬೆರಳ ತುದಿಯಿಂದಾದರೂ ಅದನ್ನು ಮುಟ್ಟಬೇಕು. ಇಲ್ಲದಿದ್ದರೆ ಪುನಿ ಎಂಬ ಕೇಡು ತಟ್ಟುತ್ತದೆ; ಹಾವೋ ಮೊಸಳೆಯೋ ದಾರಿಯಲ್ಲಿ ಕಾದಿರುತ್ತದೆ. ಅದೂ ಕೂಗಿದರೆ ಯಾರಿಗೂ ಕೇಳದ ಆ ಕಾಡಿಗೆ ಹೊರಟಾಗ!

ಲೋಟ ಹಿಡಿದು ಹಿಂದೆಯೇ ಓಡಿದೆ. "ಮುಟ್ಟು. ಇಲ್ದಿದ್ರೆ ದೋಣಿ ಹತ್ತಲ್ಲ."

"ಟೀಚರಾಗಿ ಇದನ್ನೆಲ್ಲ ನಂಬ್ತೀಯಾ?"

"ನೀನು ನಂಬಲ್ವಾ?"

ಅವನು ಒಮ್ಮೆ ನೀರಿನತ್ತ ನೋಡಿ, ತೆಪ್ಪಗೆ ಕಾಫಿಗೆ ಬೆರಳದ್ದಿದ. "ಅಮ್ಮನ ಮುಂದೆ ಕೂತಿದ್ರೆ ಸಿಕ್ಕಿಬೀಳ್ತಿದ್ದೆ. ಅದಕ್ಕೇ ಓಡಿಬಂದೆ."

"ಯಾಕೆ, ಏನು ಕದ್ದಿದ್ದೀಯ?"

"ಅಲ್ಲಿ ಹೇಳ್ತೀನಿ."

"ಇಲ್ಲೇ ಹೇಳು. ಅಳು ಬಂದ್ರೆ ಎದ್ದು ಹೋಗೋಕೆ ಅಲ್ಲಿ ಬಸ್ಸಾದ್ರೂ ಇದ್ಯಾ?"

"ಅಯ್ಯೋ, ಅಳೋದ್ಯಾಕೆ?" ಅವನು ಗಾಬರಿಯಾದ. ನನ್ನ ಕೈಯಿಂದ ಲೋಟ ತೆಗೆದು ದೋಣಿಯ ಹಲಗೆಯ ಮೇಲಿಟ್ಟ. ಆಮೇಲೆ ಅಂಗೈ ಚಾಚಿದ. "ಮದುವೆಯಾಗಿ ನನ್ನ ಜೊತೆ ಮಿರಿಗೆ ಬರ್ತೀಯಾ ಅಂತ ಕೇಳೋಕಿತ್ತು."

ಹಾಳಾದವನು! ಇಷ್ಟಕ್ಕೆ ನನ್ನ ನಿದ್ದೆ ಕೆಡಿಸಿದ್ದ.

ನಾನು ಒಂದೇ ಒಂದು ಬೆರಳು ಮುಂದೆ ಮಾಡಿ, ತುದಿಯಿಂದ ಅವನ ಅಂಗೈ ಮುಟ್ಟಿದೆ.

ಅವನ ಮುಖ ಬಾಡಿಹೋಯಿತು. "ಬರೀ ಮುಟ್ಟಿದ್ಯಾ? ಅಂದ್ರೆ... ಬೇಡ ಅಂತಾನಾ?"

ಪಾಪ, ಇನ್ನು ಸತಾಯಿಸಲು ಮನಸ್ಸಾಗಲಿಲ್ಲ. ಆ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.

ಜಗಲಿಯಿಂದ ಅಮ್ಮ ಕೂಗಿದಳು, "ಏನಾಯ್ತೇ? ಮುಟ್ಟಿದ್ನಾ?"

ರೆನಾಂಗ್ ಇನ್ನೊಂದು ಕೈಯಿಂದ ಲೋಟ ಎತ್ತಿ, ತಣ್ಣಗಾಗಿದ್ದ ಕಾಫಿಯನ್ನು ಗಸಿಯವರೆಗೂ ಕುಡಿದು, ಖಾಲಿ ಲೋಟವನ್ನು ಅವಳಿಗೆ ಕಾಣುವಂತೆ ಬೋರಲು ಹಿಡಿದ.